ಜಾಹೀರಾತಿಗೆ ಮುನ್ನ ಮನೆ, ಹಣಕ್ಕೆ ಮುನ್ನ ಜಾಹೀರಾತು

ನಮ್ಮ ಹುಬ್ಬಳ್ಳಿಯ ದೇಶಪಾಂಡೆ ನಗರ, ವಿದ್ಯಾನಗರ, ಕೇಶ್ವಾಪುರಗಳಂಥ ಬಡಾವಣೆಗಳಲ್ಲಿ ಒಂದು ಒಳ್ಳೆಯ ಮನೆಯ ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ಬಿದ್ದಿತೆಂದರೆ, ಅದನ್ನು ಕೊಳ್ಳಬಲ್ಲವರಲ್ಲಿ ಹಲವರು ಆಗಲೇ ನೋಡಿ ಬಿಟ್ಟಿದ್ದಾರೆಂದು ತಿಳಿಯಬಹುದು. ಮೂರು ದಶಕಗಳ ವೃತ್ತಿಯಲ್ಲಿ ನನ್ನ ಕಕ್ಷಿದಾರರು ಕೊಂಡ ಮನೆಗಳನ್ನು ನೆನಪಿಸಿಕೊಂಡರೆ, ಪತ್ರಿಕೆಯ ಜಾಹೀರಾತು ನೋಡಿ ಕೊಂಡವು ಬೆರಳೆಣಿಕೆಯಷ್ಟು. ಉಳಿದವೆಲ್ಲ ಬಾಯಿಂದ ಬಾಯಿಗೆ ಬಂದ ಸುದ್ದಿಯ ಫಲ. ಇಂಥ ಖರೀದಿಯ ಅನುಕೂಲಗಳನ್ನೂ, ಅದರಲ್ಲಿ ನಾನೇ ಒಮ್ಮೆ ಎಡವಿದ ಬಗೆಯನ್ನೂ ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಮಾರುವವರು ಜಾಹೀರಾತು ಕೊಡಲು ಹಿಂಜರಿಯುವುದೇಕೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಪತ್ತು ಎಂಬುದು ಕಣ್ಣಿಗೆ ಕಾಣದ ಬಂಡವಾಳ. ಅಂಗಡಿಕಾರನೊಬ್ಬನ ವಾಸದ ಮನೆ ಮಾರಾಟಕ್ಕಿದೆ ಎಂಬ ಮಾತು ಸಂಜೆ ಹುಟ್ಟಿದರೆ ಮರುದಿನ ಬೆಳಿಗ್ಗೆ ಸರಕು ಕೊಟ್ಟವರು ಹಳೆಯ ಬಾಕಿ ಕೇಳಲು ಬರುತ್ತಾರೆ. ಮಗಳ ಮದುವೆಗೋ ಮಗನ ಓದಿಗೋ ಮಾರುತ್ತಿದ್ದರೂ ‘ಅಂಗಡಿ ಮುಳುಗಿತಂತೆ’ ಎಂದೇ ಜನ ಆಡಿಕೊಳ್ಳುತ್ತಾರೆ. ಅಣ್ಣತಮ್ಮಂದಿರಲ್ಲಿ ವಾಟ್ನಿಯ ಮಾತು ನಡೆದಿದ್ದರೆ ನೆಂಟರಿಷ್ಟರು ಮಧ್ಯೆ ಬಾಯಿ ಹಾಕಿಯಾರೆಂಬ ಅಂಜಿಕೆ. ಮಕ್ಕಳೆಲ್ಲ ಪರದೇಶದಲ್ಲಿರುವ ವೃದ್ಧ ದಂಪತಿಗಳಿಗೋ, ಅಪರಿಚಿತರು ದಿನವೂ ಗೇಟು ತಟ್ಟಿ ಮಲಗುವ ಕೋಣೆಯವರೆಗೆ ಬಂದು ನೋಡುವುದೇ ಹಿಂಸೆ. ಇನ್ನು ದಲಾಲರು. ಒಬ್ಬರಿಗೆ ಹೇಳಿದರೆ ಹತ್ತು ಜನ ಬರುತ್ತಾರೆ, ಹತ್ತೂ ಜನ ಬೇರೆ ಬೇರೆ ದರ ಹೇಳುತ್ತಾರೆ. ಹೀಗಾಗಿ ಮಾರುವವನು ಮೊದಲು ತನಗೆ ನಂಬಿಕೆಯುಳ್ಳ ನಾಲ್ಕು ಜನರ ಕಿವಿಯಲ್ಲಿ ಮಾತ್ರ ವಿಷಯ ಹಾಕುತ್ತಾನೆ. ಕೊಳ್ಳುವವನ ಜಾಣತನವೆಲ್ಲ ಆ ನಾಲ್ವರಲ್ಲಿ ಒಬ್ಬರಿಗೆ ಪರಿಚಿತನಾಗಿರುವುದರಲ್ಲಿದೆ.

ಆ ನಾಲ್ವರು ಯಾರು? ದಸ್ತಾವೇಜು ಬರೆಯುವವರು, ಮನೆತನದ ವಕೀಲರು, ಪಕ್ಕದ ಮನೆಯವರು, ಬಾಡಿಗೆಗೆ ಇರುವವರು. ಬಾಡಿಗೆದಾರನಿಗೆ ಎಲ್ಲರಿಗಿಂತ ಮೊದಲು ವಾಸನೆ ಹತ್ತುತ್ತದೆ. ಕರಾರು ನವೀಕರಿಸಲು ಮಾಲೀಕರು ಒಲ್ಲೆನೆಂದ ದಿನವೇ ಅವನು ಬೇರೆ ಮನೆ ಹುಡುಕತೊಡಗುತ್ತಾನೆ. ಲೆಕ್ಕಪರಿಶೋಧಕರಾದ ನಮಗೂ ಮುಂಚೆಯೇ ಗೊತ್ತಾಗುತ್ತದೆ, ಏಕೆಂದರೆ ಮಾರಿದರೆ ತೆರಿಗೆ ಎಷ್ಟಾದೀತೆಂದು ಜನ ಮೊದಲು ನಮ್ಮನ್ನೇ ಕೇಳುತ್ತಾರೆ. ಆದರೆ ದಯವಿಟ್ಟು ಈ ಸುದ್ದಿಗಾಗಿ ನಮ್ಮ ಕಚೇರಿಗೆ ಬರಬೇಡಿರಿ. ಕಕ್ಷಿದಾರರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಎರಡನೆಯ ಅನುಸೂಚಿಯಂತೆ ವೃತ್ತಿದ್ರೋಹ. ಕಿವಿ ತುಂಬಿದ್ದರೂ ನಾವು ಬಾಯಿ ಮುಚ್ಚಿಕೊಂಡಿರತಕ್ಕವರು.

ಕೇಳುವುದಕ್ಕೂ ಒಂದು ರೀತಿಯಿದೆ. ನನ್ನ ಪರಿಚಯದ ಒಬ್ಬ ಬಿಡಿಭಾಗ ತಯಾರಕರು, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಘಟಕವುಳ್ಳವರು, ತಮಗೆ ಮೆಚ್ಚುಗೆಯಾದ ಒಂದೇ ಬೀದಿಯಲ್ಲಿ ಎರಡು ವರ್ಷ ಬೆಳಗಿನ ವಾಯುವಿಹಾರ ಮಾಡಿದರು. ಅಲ್ಲಿಯ ಹಿರಿಯರೊಬ್ಬರಿಗೆ ದಿನವೂ ನಮಸ್ಕಾರ ಹೇಳುತ್ತ, ಒಂದು ದಿನ ಇಷ್ಟು ಮಾತ್ರ ಅಂದರು: ‘ಕಾಕಾ, ಮುಂದ ಯಾವಾಗರೆ ಕೊಡೂ ವಿಚಾರ ಬಂತಂದ್ರ ಮೊದಲ ನನಗ ಒಂದ ಮಾತ ಹೇಳ್ರಿ.’ ದರದ ಮಾತಿಲ್ಲ, ಅವಸರವಿಲ್ಲ. ಹದಿನಾಲ್ಕು ತಿಂಗಳ ತರುವಾಯ ಆ ಹಿರಿಯರೇ ಕರೆಸಿ ಹೇಳಿದರು. ಇದಕ್ಕೆ ವ್ಯತಿರಿಕ್ತವಾಗಿ, ಮನೆಯ ಯಜಮಾನರು ತೀರಿಕೊಂಡ ಹದಿಮೂರನೆಯ ದಿನ ಊಟಕ್ಕೆ ಕುಳಿತು ‘ಇನ್ನ ಈ ಮನಿ ಏನ ಮಾಡತೀರಿ?’ ಎಂದು ಕೇಳಿದವರನ್ನೂ ನಾನು ಕಂಡಿದ್ದೇನೆ. ಆ ಮನೆ ಇಂದಿಗೂ ಅವರಿಗೆ ಸಿಕ್ಕಿಲ್ಲ.

ದರದ ಪ್ರಶ್ನೆ

ಪೇಟೆಗೆ ಬಾರದ ಸರಕಿಗೆ ಪೇಟೆಯ ದರವಿರುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿಯ ಟೆಂಡರಿನಲ್ಲಿ ಹಲವರು ಬರೆದಾಗ ನಿಲ್ಲುವ ದರಕ್ಕೂ, ರೈತನ ಹೊಲದಲ್ಲಿಯೇ ಒಬ್ಬನು ಕೇಳಿದ ದರಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಅಂತರ ಯಾರ ಪಾಲಿಗೆ ಬೀಳುತ್ತದೆಂದು ಹೇಳಲಾಗದು. ಹತ್ತು ವರ್ಷ ಹಿಂದಿನ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡ ಹಿರಿಯರು ಕಡಿಮೆಗೆ ಕೊಟ್ಟದ್ದುಂಟು; ‘ನಿಮಗೊಬ್ಬರಿಗೇ ಹೇಳಿದ್ದೇನೆ’ ಎಂಬ ಒಂದು ಮಾತಿಗೆ ಮರುಳಾಗಿ ಹೆಚ್ಚು ಕೊಟ್ಟ ಜಾಣ ವ್ಯಾಪಾರಿಗಳೂ ಉಂಟು. ಅದೇ ಬೀದಿಯಲ್ಲಿ ಈಚೆಗೆ ನೋಂದಣಿಯಾದ ಎರಡು ಮೂರು ಖರೀದಿ ಪತ್ರಗಳ ದೃಢೀಕೃತ ನಕಲುಗಳನ್ನು ಉಪನೋಂದಣಾಧಿಕಾರಿಯವರ ಕಚೇರಿಯಿಂದ ತೆಗೆಸಿ ನೋಡುವುದು, ಒಬ್ಬ ನೋಂದಾಯಿತ ಮೌಲ್ಯಮಾಪಕರಿಗೆ ಶುಲ್ಕ ಕೊಟ್ಟು ಕೇಳುವುದು ಅಗ್ಗದ ವಿಮೆ ಎಂದು ನನ್ನ ಅಭಿಪ್ರಾಯ.

ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ಸರ್ಕಾರದ ಮಾರ್ಗಸೂಚಿ ಬೆಲೆಯನ್ನು ನೋಡತಕ್ಕದ್ದು. ಒಂದು ಉದಾಹರಣೆ: ಮಾತಾದ ಬೆಲೆ 72 ಲಕ್ಷ, ಮಾರ್ಗಸೂಚಿ ಬೆಲೆ 85 ಲಕ್ಷ ಎಂದಿಟ್ಟುಕೊಳ್ಳೋಣ. ವ್ಯತ್ಯಾಸವು ಕೊಟ್ಟ ಬೆಲೆಯ ನೂರಕ್ಕೆ 10ರ ಒಳಗಿದ್ದರೆ ಆದಾಯ ತೆರಿಗೆಯವರು ಕೇಳುವುದಿಲ್ಲ. ಇಲ್ಲಿ ಆ ಮಿತಿ 7.20 ಲಕ್ಷ, ವ್ಯತ್ಯಾಸವೋ 13 ಲಕ್ಷ. ಆಗ ಮಾರಿದವನು 85 ಲಕ್ಷಕ್ಕೆ ಮಾರಿದನೆಂದೇ ಬಂಡವಾಳ ಲಾಭದ ಲೆಕ್ಕ. ಅಷ್ಟೇ ಅಲ್ಲ, ಪೂರ್ಣ 13 ಲಕ್ಷವು ಕೊಂಡವನ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಅಗ್ಗದ ಮನೆ ಅಷ್ಟೊಂದು ಅಗ್ಗವಾಗಿ ಉಳಿಯುವುದಿಲ್ಲ.

ಇಲ್ಲಿ ನಮ್ಮ ಕಡೆಯ ಸಂಚಕಾರದ ಪದ್ಧತಿಯ ಬಗ್ಗೆ ಒಂದು ಮಾತು. ‘ಸಂಚಕಾರ’ ಎಂದರೆ ವ್ಯವಹಾರ ಖಾಯಂ ಮಾಡಲು ಮುಂಗಡ ಕೊಡುವ ಹಣ. ‘ಜೀವಕ್ಕೆ ಸಂಚಕಾರ’ ಎನ್ನುವಾಗ ಅದೇ ಶಬ್ದಕ್ಕೆ ಅಪಾಯವೆಂದು ಅರ್ಥ. ಎರಡೂ ಅರ್ಥಗಳು ಒಂದೇ ಶಬ್ದದಲ್ಲಿ ಕೂಡಿದ್ದು ಹೇಗೆಂಬುದನ್ನು ಭಾಷಾಪಂಡಿತರು ಹೇಳಬೇಕು. ನನ್ನ ಅನುಭವಕ್ಕಂತೂ ಅದು ಸರಿಯಾಗಿಯೇ ಇದೆ. ಗುಟ್ಟಿನ ವ್ಯವಹಾರವೆಂಬ ಕಾರಣಕ್ಕೆ ಎಲೆ ಅಡಿಕೆ ತೆಂಗಿನಕಾಯಿಯೊಡನೆ 51 ಸಾವಿರವನ್ನು ನಗದಾಗಿ ಲಕೋಟೆಯಲ್ಲಿಟ್ಟು ಕೊಡುವುದು ಇಂದಿಗೂ ನಿಂತಿಲ್ಲ. ಸ್ಥಿರಾಸ್ತಿಯ ವ್ಯವಹಾರಕ್ಕೆ 20,000 ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. 1961ರ ಕಾಯಿದೆಯಲ್ಲಿ ಅಷ್ಟೇ ಮೊತ್ತದ ದಂಡವನ್ನು ಪಡೆದವನ ಮೇಲೆ ಹೇರಲು ಅವಕಾಶವಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ನಗದಿನ ಮೇಲಿನ ಕಣ್ಣು ಮುಚ್ಚಿಲ್ಲ. ಕೊಳ್ಳುವವನಿಗೂ ಇದರಲ್ಲಿ ನಷ್ಟವಿದೆ. ಕರಾರಿನ ದಿನವೋ ಅದಕ್ಕೆ ಮುಂಚೆಯೋ ಮುಂಗಡದ ಸ್ವಲ್ಪ ಭಾಗವಾದರೂ ಬ್ಯಾಂಕಿನ ಮೂಲಕ ಹೋಗಿದ್ದರೆ, ಖರೀದಿ ಪತ್ರವಾಗುವಷ್ಟರಲ್ಲಿ ಮಾರ್ಗಸೂಚಿ ಬೆಲೆ ಏರಿದರೂ ಆದಾಯ ತೆರಿಗೆಗೆ ಕರಾರಿನ ದಿನದ ಬೆಲೆಯನ್ನೇ ಹಿಡಿಯಲಾಗುತ್ತದೆ. ಲಕೋಟೆಯ ಹಣಕ್ಕೆ ಈ ಅನುಕೂಲವಿಲ್ಲ.

ಹೆಣ್ಣುಮಕ್ಕಳೆಷ್ಟು?

ಈಗ ನನ್ನ ತಪ್ಪಿನ ವಿಷಯ. 2016ರಲ್ಲಿ ನನ್ನ ಕಕ್ಷಿದಾರರಾದ ಅಡತಿ ವ್ಯಾಪಾರಿಯೊಬ್ಬರು ಹಳೆಯ ಊರಿನ ಓಣಿಯೊಂದರಲ್ಲಿ ಮನೆ ಕೊಂಡರು. ಮಾರಿದವರು ಇಬ್ಬರು ಅಣ್ಣತಮ್ಮಂದಿರು, ಅದೇ ಪೇಟೆಯ ಅಂಗಡಿಕಾರರು. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ತಾಯಿ ಮೊದಲೇ ತೀರಿದ್ದರು, ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರು. ಸಿ.ಟಿ.ಎಸ್. ಉತಾರದಲ್ಲಿ ಇಬ್ಬರ ಹೆಸರೂ ಇತ್ತು, ಋಣಭಾರ ಪತ್ರ ಸ್ವಚ್ಛವಾಗಿತ್ತು, ಬೆಲೆ 64 ಲಕ್ಷ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡೋಣವೆಂದು ವಕೀಲರು ಹೇಳಿದಾಗ ಅಣ್ಣತಮ್ಮಂದಿರು ಕೈಮುಗಿದರು: ಪೇಟೆಯಲ್ಲಿ ಮರ್ಯಾದೆ ಹೋಗುತ್ತದೆ, ಬೇಡ. ನನ್ನ ಕಕ್ಷಿದಾರರೂ ವ್ಯಾಪಾರಿಯೇ. ಆ ಮಾತು ಅವರಿಗೆ ಅರ್ಥವಾಯಿತು. ಕಾಗದಗಳು ನನ್ನ ಮೇಜಿಗೂ ಬಂದವು. 50 ಲಕ್ಷ ಮುಟ್ಟಿದ ಖರೀದಿಯಾದ್ದರಿಂದ ನೂರಕ್ಕೆ 1ರಂತೆ ತೆರಿಗೆ ಮುರಿದು ಕಟ್ಟಿಸಿದೆ, ಮಾರ್ಗಸೂಚಿ ಬೆಲೆ ನೋಡಿದೆ, ಸರಿಯಾಗಿದೆಯೆಂದೆ. ಒಂದು ಪ್ರಶ್ನೆ ಕೇಳಲಿಲ್ಲ.

ಮರುವರ್ಷ ದಾವೆಯ ಸಮನ್ಸು ಬಂತು. ಸೋದರರಿಗೆ ಒಬ್ಬ ತಂಗಿಯಿದ್ದಳು, ಮಹಾರಾಷ್ಟ್ರಕ್ಕೆ ಮದುವೆಯಾಗಿ ಹೋದವಳು. ಮನೆಯ ಮೂರನೆಯ ಒಂದು ಪಾಲು ಅವಳದು. ಅದನ್ನು ಮಾರಲು ಅಣ್ಣಂದಿರಿಗೆ ಅಧಿಕಾರವೇ ಇರಲಿಲ್ಲ.

ಹೆಣ್ಣುಮಕ್ಕಳ ಪಾಲೆಂದರೆ 2005ರ ತಿದ್ದುಪಡಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಮಾತು. 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತನಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಮಾನಿಸಿದ ಮೇಲಂತೂ ಅದರ ವ್ಯಾಪ್ತಿ ದೊಡ್ಡದು. ಆದರೆ ತಂದೆಯ ಸ್ವಯಾರ್ಜಿತ ಮನೆಯಲ್ಲಿ, ಅವನು ಮೃತ್ಯುಪತ್ರ ಬರೆಯದೆ ತೀರಿದರೆ, ಮಗಳಿಗೆ ಮಗನಷ್ಟೇ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಇದೆ. ಉತಾರದಲ್ಲಿ ವಾರಸಾ ಹಚ್ಚಿಸುವಾಗ ಅಣ್ಣಂದಿರು ತಮ್ಮ ಹೆಸರನ್ನಷ್ಟೇ ಕೊಟ್ಟರೆ ತಂಗಿಯ ಹಕ್ಕು ಹೋಗುವುದಿಲ್ಲ. ಖಾತೆ, ಉತಾರಗಳು ತೆರಿಗೆ ಮತ್ತು ದಾಖಲೆಗಾಗಿ ಇರುವವು, ಮಾಲೀಕತ್ವವನ್ನು ಹುಟ್ಟಿಸುವವಲ್ಲ. ಋಣಭಾರ ಪತ್ರವೂ ನೋಂದಣಿಯಾದ ದಸ್ತಾವೇಜುಗಳನ್ನು ಮಾತ್ರ ತೋರಿಸುತ್ತದೆ. ತಂಗಿ ಹುಟ್ಟಿದ್ದು ಯಾವ ಉಪನೋಂದಣಾಧಿಕಾರಿಯವರ ಪುಸ್ತಕದಲ್ಲಿಯೂ ನಮೂದಾಗಿರುವುದಿಲ್ಲವಷ್ಟೆ.

ಐದು ವರ್ಷ ತಡೆಯಾಜ್ಞೆ. ಮನೆಗೆ ಒಂದು ಮೊಳೆ ಹೊಡೆಯುವಂತಿರಲಿಲ್ಲ, ಬ್ಯಾಂಕಿನಲ್ಲಿ ಅಡವಿಡುವಂತಿರಲಿಲ್ಲ. ಎರಡು ಹಂಗಾಮಿಗೆ ಆ ವ್ಯಾಪಾರಿ ಬಂಡವಾಳವಿಲ್ಲದೆ ಖರೀದಿಯನ್ನು ಅರ್ಧಕ್ಕಿಳಿಸಿದರು. 2022ರಲ್ಲಿ ಲೋಕ ಅದಾಲತ್ತಿನಲ್ಲಿ 14 ಲಕ್ಷಕ್ಕೆ ರಾಜಿಯಾಯಿತು. ನಷ್ಟ ತುಂಬಿಕೊಡುವ ಮಾತು ಖರೀದಿ ಪತ್ರದಲ್ಲಿತ್ತು. ಒಬ್ಬ ಅಣ್ಣ ತನ್ನ ಅರ್ಧ ಕೊಟ್ಟ, ಇನ್ನೊಬ್ಬನ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ರಾಜಿಯ ದಿನ ನಾನೂ ಹೋಗಿದ್ದೆ. ಆ ತಾಯಿ ಹೇಳಿದ ಮಾತು ಇದು: ‘ಅಣ್ಣಾರು ಒಂದ ಮಾತ ಕೇಳಿದ್ರ ನಾ ಅವತ್ತ ಸಹಿ ಮಾಡತಿದ್ದೆರಿ. ಮನಿ ಮಾರಿದ್ದು ನನಗ ಮಂದಿ ಬಾಯಿಲೆ ಗೊತ್ತಾತು.’

ಅಂದಿನಿಂದ ಮನೆ ಖರೀದಿಯ ಕಾಗದ ಯಾರೇ ತರಲಿ, ನಾನು ಕೇಳುವ ಮೊದಲನೆಯ ಪ್ರಶ್ನೆ ಬೆಲೆಯದಲ್ಲ. ‘ಹೆಣ್ಣುಮಕ್ಕಳೆಷ್ಟು? ಎಲ್ಲಿದ್ದಾರೆ?’

ಪ್ರಕಟಣೆ ಮಾಡುವ ಕೆಲಸ

ಸಾರ್ವಜನಿಕ ಪ್ರಕಟಣೆ ಎಂಬುದು ನಮಗೆಲ್ಲ ಪರಿಚಿತವೇ. ಸ್ವತ್ತಿನ ನಂಬರು, ಚೆಕ್‌ಬಂದಿ, ಮಾಲೀಕರ ಹೆಸರು ನಮೂದಿಸಿ, ‘ನಮ್ಮ ಕಕ್ಷಿದಾರರು ಈ ಸ್ವತ್ತನ್ನು ಖರೀದಿಸಲು ಒಪ್ಪಿರುತ್ತಾರೆ, ಯಾರದಾದರೂ ತಕರಾರು ಇದ್ದಲ್ಲಿ 15 ದಿನಗಳೊಳಗೆ ತಿಳಿಸತಕ್ಕದ್ದು’ ಎಂದು ವಕೀಲರು ಕೊಡುವ ಸಣ್ಣ ಅಚ್ಚು. ಖಾಸಗಿ ಖರೀದಿಗೆ ಇಂಥದೊಂದನ್ನು ಕೊಡಲೇಬೇಕೆಂಬ ಕಾನೂನಿಲ್ಲ. 15 ದಿನ ಸುಮ್ಮನಿದ್ದ ಮಾತ್ರಕ್ಕೆ ಹಕ್ಕುದಾರನ ಹಕ್ಕು ನಾಶವಾಗುವುದೂ ಇಲ್ಲ. ಹಾಗಿದ್ದರೂ ಕೊಂಡವನು ಸದುದ್ದೇಶದಿಂದ ವಿಚಾರಿಸಿ ಕೊಂಡನೆಂಬುದಕ್ಕೆ ಅದು ಒಂದು ಸಾಕ್ಷಿ. ಅದಕ್ಕಿಂತ ಹೆಚ್ಚಾಗಿ, ನಾಳೆ ನ್ಯಾಯಾಲಯದಲ್ಲಿ ಕಾಣಿಸಿಕೊಳ್ಳುವವರನ್ನು ಇಂದೇ ವಕೀಲರ ಕಚೇರಿಗೆ ಕರೆತರುವ ಅತ್ಯಂತ ಅಗ್ಗದ ಉಪಾಯ.

ಜಾಹೀರಾತಿಗೆ ಬಂದ ಮನೆಯನ್ನು ನೂರು ಜನ ನೋಡುತ್ತಾರೆ. ಅವರಲ್ಲಿ ಯಾರೋ ಒಬ್ಬರು ಇನ್ನಾರಿಗೋ ಹೇಳಿ ತಕರಾರು ತಾನಾಗಿಯೇ ಹೊರಬೀಳುತ್ತದೆ. ಗುಟ್ಟಿನಲ್ಲಿ ಕೊಂಡ ಮನೆಗೆ ಆ ಪರೀಕ್ಷೆ ನಡೆದಿರುವುದಿಲ್ಲ. ಆದ್ದರಿಂದ ಮನೆಯನ್ನು ಜಾಹೀರಾತಿಗೆ ಮುನ್ನ ಹುಡುಕುವವರು, ಪೂರ್ತಿ ಹಣ ಕೊಡುವುದಕ್ಕೆ ಮುನ್ನ ತಾವೇ ಜಾಹೀರಾತು ಕೊಡಬೇಕು. ಹುಡುಗಿಯರನ್ನು ಕೊಟ್ಟ ಊರಿನ ಆವೃತ್ತಿಯಲ್ಲಿಯೂ ಅಚ್ಚಾದರೆ ಉತ್ತಮ.

ಪ್ರಕಟಣೆ ಕಂಡು ಬೇರೆ ಗಿರಾಕಿ ಹೆಚ್ಚಿನ ದರ ಹೇಳಿದರೆ? ಆ ಭಯ ನಿಜವಾದದ್ದೇ. ಅದಕ್ಕೆ ಮೊದಲು ಸಂಚಕಾರ ಪತ್ರವನ್ನು ನೋಂದಣಿ ಮಾಡಿಸಬೇಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನಂತೆ ಕರಾರು ಮಾತ್ರದಿಂದ ಮನೆಯಲ್ಲಿ ಹಕ್ಕು ಹುಟ್ಟದು. ಆದರೆ ನೋಂದಣಿಯಾದ ಕರಾರು ಋಣಭಾರ ಪತ್ರದಲ್ಲಿ ಕಾಣುತ್ತದೆ. ಅನಂತರ ಬಂದವನು ‘ನನಗೆ ಗೊತ್ತಿರಲಿಲ್ಲ’ ಎನ್ನಲಾರ. ಅಲ್ಲದೆ 2018ರ ತಿದ್ದುಪಡಿಯಿಂದ ಕರಾರನ್ನು ನೆರವೇರಿಸಿಕೊಡಿಸುವುದು ನ್ಯಾಯಾಲಯಕ್ಕೆ ಹಿಂದಿನಂತೆ ಕೇವಲ ವಿವೇಚನೆಯ ವಿಷಯವಾಗಿ ಉಳಿದಿಲ್ಲ. ಮನೆಯ ಕಬಜಾ ಮಾತ್ರ ಕರಾರಿನಲ್ಲಿಯೇ ತೆಗೆದುಕೊಳ್ಳಬೇಡಿರಿ. ಆಗ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಮಾರುವವರ ಮರ್ಯಾದೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ನಾಳೆ ನಮ್ಮಲ್ಲಿಯೇ ಯಾರಾದರೂ ಆ ಸ್ಥಾನದಲ್ಲಿರಬಹುದು. ಸಾಲಗಾರರಿಗೆ ಪತ್ರಿಕೆಗಿಂತ ಮೊದಲು ತಾವೇ ಹೋಗಿ ಹೇಳುವುದು, ಬೇಕಾದರೆ ಬಾಕಿಯ ಹಣವನ್ನು ಕೊಳ್ಳುವವರಿಂದ ನೇರವಾಗಿ ಅವರಿಗೇ ಕೊಡಿಸುವಂತೆ ಕರಾರಿನಲ್ಲಿ ಬರೆಯಿಸುವುದು, ಇವೆರಡರಿಂದ ಪತ್ತು ಉಳಿದುದನ್ನು ಕಂಡಿದ್ದೇನೆ. ಇಷ್ಟೆಲ್ಲ ಹೇಳಿದ ಮೇಲೆಯೂ ಪ್ರಕಟಣೆ ಬೇಡವೇ ಬೇಡವೆಂದು ಹಟ ಹಿಡಿದರೆ, ಆ ಹಟದ ಹಿಂದೆ ಮರ್ಯಾದೆಯಲ್ಲದೆ ಬೇರೇನೋ ಇದೆಯೆಂದು ನಾನು ಊಹಿಸುತ್ತೇನೆ.

ವ್ಯಾಪಾರಿಯಿಂದ ಕೊಳ್ಳುವಾಗ ಇನ್ನೊಂದು ಮಾತು ಇದೆ. ವ್ಯಾಪಾರಿಯ ಮನೆ ಹಲವು ಸಲ ಅವನ ಕ್ಯಾಶ್ ಕ್ರೆಡಿಟ್ ಖಾತೆಗೆ ಭದ್ರತೆಯಾಗಿ ಬ್ಯಾಂಕಿನಲ್ಲಿರುತ್ತದೆ. ಮೂಲ ಪತ್ರಗಳನ್ನು ಠೇವಣಿಯಿಟ್ಟು ಪಡೆದ ಸಾಲ ಋಣಭಾರ ಪತ್ರದಲ್ಲಿ ಕಾಣಲೇಬೇಕೆಂದಿಲ್ಲ. ಜೆರಾಕ್ಸ್ ಪ್ರತಿಗಳನ್ನು ನೋಡಿ ಸಂಚಕಾರ ಕೊಡಬಾರದು; ಮೂಲ ಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಬೇಕು, ಅಡವುಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯಿಯಲ್ಲಿ ಹುಡುಕಿಸಬೇಕು. ಮಾರುವವನ ಮೇಲೆ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಬಾಕಿಯ ಪ್ರಕರಣವಿದ್ದರೆ, ಆ ಬಾಕಿಯ ಮಟ್ಟಿಗೆ ಮಾರಾಟವನ್ನು ಇಲಾಖೆ ಅಸಿಂಧುವೆಂದು ಎಣಿಸಬಹುದು. ಯೋಗ್ಯ ಬೆಲೆ ಕೊಟ್ಟು, ವಿಷಯ ತಿಳಿಯದೆ ಕೊಂಡವನಿಗೆ ರಕ್ಷಣೆಯಿದೆ. ಇಲ್ಲಿಯೂ ವಿಚಾರಿಸಿದ ಪುರಾವೆ ಬೇಕು. ಮಾರುವವರು ಅನಿವಾಸಿಗಳಾಗಿದ್ದರೆ ನೂರಕ್ಕೆ 1 ಮುರಿದರೆ ಸಾಲದು, ದರವೂ ಕ್ರಮವೂ ಬೇರೆ. ಹಣ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣತಕ್ಕದ್ದು.

ಸುದ್ದಿಯ ಮನೆ ಹಂಗಾಮು ನೋಡಿ ಬರುವುದಿಲ್ಲ. ಹಣವೆಲ್ಲ ಸರಕಿನಲ್ಲಿ ಸಿಕ್ಕಿಕೊಂಡಿರುವಾಗಲೇ ಬರುತ್ತದೆ. ಆಗ ಅಂಗಡಿಯ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಎಳೆದು ಮನೆಗೆ ಕೊಟ್ಟರೆ ಬ್ಯಾಂಕು ಅದನ್ನು ಹಣದ ಅನ್ಯ ಬಳಕೆ ಎನ್ನುತ್ತದೆ, ಅದರ ಬಡ್ಡಿ ವ್ಯಾಪಾರದ ಖರ್ಚಾಗದು. ಕರಾರಿಗೆ ಮೂರು ನಾಲ್ಕು ತಿಂಗಳ ಅವಧಿ ಬರೆಯಿಸಿ ಗೃಹಸಾಲ ಮಂಜೂರು ಮಾಡಿಸಿಕೊಳ್ಳುವುದು ಲೇಸು. ಖರ್ಚಿನ ಅಂದಾಜಿನಲ್ಲಿ ನೋಂದಣಿ ಶುಲ್ಕವನ್ನು ಹಳೆಯ ದರದಲ್ಲಿ ಹಿಡಿಯಬೇಡಿರಿ. 2025ರ ಆಗಸ್ಟ್ 31ರಿಂದ ಅದು ನೂರಕ್ಕೆ 1 ಇದ್ದುದು 2 ಆಗಿದೆ, ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಉಪಕರ ಅಧಿಭಾರಗಳು ಬೇರೆ. ಇ-ಖಾತೆ ಸಿದ್ಧವಿಲ್ಲದಿದ್ದರೆ ನೋಂದಣಿಯೇ ಆಗದು; ಹಳೆಯ ಮನೆಗಳಲ್ಲಿ ಅದಕ್ಕೇ ಕೆಲವು ವಾರ ಹಿಡಿಯುತ್ತವೆ.

2011ರಲ್ಲಿ ನಾನು ನನ್ನ ಮನೆಯನ್ನು ನಿವೃತ್ತ ಪ್ರಾಧ್ಯಾಪಕರೊಬ್ಬರಿಂದ ಕೊಂಡಾಗ ಪ್ರಕಟಣೆ ಕೊಡಿಸಿದವರು ಅವರೇ. ಒಂಬತ್ತನೆಯ ದಿನ ಒಬ್ಬರು ಬಂದರು, ಕೈಯಲ್ಲಿ ಎಂಟು ವರ್ಷ ಹಿಂದಿನ ಒಂದು ಚೀಟಿ, 25,000 ಸಂಚಕಾರ ಕೊಟ್ಟದ್ದಕ್ಕೆ ಪ್ರಾಧ್ಯಾಪಕರದೇ ಅಕ್ಷರ. ಅವರಿಗೆ ಮರೆತೇ ಹೋಗಿತ್ತು. ಅಲ್ಲಿಯೇ ಚೆಕ್ ಬರೆದು ಕೊಟ್ಟು, ತಮ್ಮದೇನೂ ಹಕ್ಕಿಲ್ಲವೆಂದು ಬರೆಸಿಕೊಂಡು, ಚಹಾ ಕುಡಿಸಿ ಕಳುಹಿಸಿದರು. ಅಷ್ಟು ಸರಳವಾಗಿ ಮುಗಿದದ್ದರಿಂದಲೋ ಏನೋ, 2016ರಲ್ಲಿ ನನಗೆ ಅದರ ನೆನಪಾಗಲಿಲ್ಲ.

ಕಳೆದ ತಿಂಗಳು ಅದೇ ಅಡತಿ ವ್ಯಾಪಾರಿಯ ಮಗ ಕೇಶ್ವಾಪುರದಲ್ಲಿ ಒಂದು ಮನೆಯ ಸುದ್ದಿ ತಂದನು. ಮಾರುವವರಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಕರಾರಿಗೆ ಸಹಿ ಹಾಕಿದ್ದಾರೆ, ಕರಾರು ನೋಂದಣಿಯಾಗಿದೆ, ಪ್ರಕಟಣೆ ಅಚ್ಚಾಗಿದೆ. ಇದನ್ನು ಬರೆಯುವಾಗ ಅವಧಿ ಮುಗಿಯಲು ಇನ್ನೂ 6 ದಿನಗಳಿವೆ. ವಕೀಲರ ಕಚೇರಿಗೆ ಈವರೆಗೆ ಬಂದಿರುವುದು ಒಂದೇ ಪತ್ರ, ಮೇಲಿನ ಮಹಡಿಯ ಬಾಡಿಗೆದಾರರದು. ತಮ್ಮ ಠೇವಣಿಯ 1 ಲಕ್ಷವನ್ನು ಯಾರು ಕೊಡುತ್ತಾರೆಂದು ಕೇಳಿದ್ದಾರೆ.